ಬಟನ್ ಹೊಸದು, ಟೈರ್ ಹಳೆಯದು: ಎಳೆಯುವ ಕ್ಯಾರವಾನಿಗೆ ಎಂಥ ಟೈರ್ ಬೇಕು?

ಕಳೆದ ದಸರಾ ರಜೆಯಲ್ಲಿ ಜೋಗಕ್ಕೆ ಹೊರಟಿದ್ದೆವು. ತೀರ್ಥಹಳ್ಳಿ ಹತ್ತಿರ ಹೋಂಸ್ಟೇ ನಡೆಸುವ ನಮ್ಮ ಭಾವ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಕ್ಯಾರವಾನ್ ಕೊಂಡಿದ್ದರು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥದ್ದು. ಒಳಗೆ ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ನೀರಿನ ಟ್ಯಾಂಕು. ಜೋಗ ನೋಡಿಕೊಂಡು ಹಾಗೇ ಸಿಗಂದೂರಿಗೂ ಹೋಗೋಣ, ಹೊಸ ಸೇತುವೆಯನ್ನೂ ನೋಡಿದ ಹಾಗಾಗುತ್ತದೆ ಎಂಬ ಲೆಕ್ಕ. ಹೊಸನಗರ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹಿಂದಿನಿಂದ ಬಂದ ಬೈಕಿನವರೊಬ್ಬರು ಪಕ್ಕಕ್ಕೆ ಬಂದು ಕೈ ಬೀಸಿ ನಿಲ್ಲಿಸಿದರು. ಇಳಿದು ನೋಡಿದರೆ ಕ್ಯಾರವಾನಿನ ಎಡಗಡೆ ಟೈರ್ ಚಿಂದಿ ಚಿಂದಿ. ಬಿಚ್ಚಿಕೊಂಡ ರಬ್ಬರ್ ಪಟ್ಟಿ ಮಡ್‌ಗಾರ್ಡನ್ನು ಹರಿದು, ಒಳಗಿನ ಪ್ಲೈವುಡ್ಡಿಗೂ ಬಡಿದಿತ್ತು. ಜೀಪಿನಲ್ಲಿ ಕೂತಿದ್ದ ಐದು ಜನರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ.

ಸ್ಟೆಪ್ನಿ ಹಾಕಿಕೊಂಡು ಸಾಗರಕ್ಕೆ ಬಂದು ಒಂದು ಪಂಕ್ಚರ್ ಅಂಗಡಿಯಲ್ಲಿ ಹರಿದ ಟೈರ್ ತೋರಿಸಿದೆವು. "ಬಟನ್ ಎಲ್ಲ ಹಾಗೇ ಇದೆಯಲ್ಲ, ಇದು ಹೇಗೆ ಒಡೆಯಿತು?" ಎಂದು ಭಾವ ಕೇಳಿದರು. ಬಟನ್ ಅಂದರೆ ರಸ್ತೆಗೆ ತಾಗುವ ಮೈಯ ಮೇಲಿನ ರಬ್ಬರ್ ಅಚ್ಚು. ಅಂಗಡಿಯವರು ಟೈರ್ ತಿರುಗಿಸಿ, ಮಣ್ಣು ಒರೆಸಿ, ನಾಲ್ಕು ಅಂಕಿ ತೋರಿಸಿದರು: 1417. "ಬಟನ್ ನೋಡ್ಬೇಡಿ ಮಾರಾಯ್ರೆ, ಹುಟ್ಟಿದ ತಾರೀಖು ನೋಡಿ. 2017ರ ಏಪ್ರಿಲಿಂದು ಇದು."

ಈಗ ಮಲೆನಾಡಿನ ರಸ್ತೆಗಳಲ್ಲಿ ಇಂಥ ಚಕ್ರದ ಮನೆಗಳು ಆಗೊಮ್ಮೆ ಈಗೊಮ್ಮೆ ಕಾಣುತ್ತಿವೆ. ಹೋಂಸ್ಟೇಯವರು ಹೆಚ್ಚುವರಿ ಕೋಣೆಯ ಹಾಗೆ ಅಂಗಳದಲ್ಲಿ ನಿಲ್ಲಿಸಿಕೊಳ್ಳುವುದೂ ಇದೆ. ಕಾರಿನ ಟೈರ್ ಬಗ್ಗೆ ನಮಗೆ ಗೊತ್ತಿರುವುದನ್ನೇ ಇದಕ್ಕೂ ಅನ್ವಯಿಸಿದರೆ ಎಡವಟ್ಟಾಗುತ್ತದೆ. ಯಾಕೆ ಅಂತ ಬುಡದಿಂದ ನೋಡೋಣ.

## ಮೊದಲು, ಯಾವ ಗಾಡಿಯ ಮಾತು ಇದು

ಕ್ಯಾರವಾನ್ ಅಂದರೆ ಎರಡು ಬಗೆ. ಒಂದು, ಬಸ್ಸು ಅಥವಾ ವ್ಯಾನನ್ನೇ ಮನೆ ಮಾಡಿಕೊಂಡದ್ದು. ಅದಕ್ಕೆ ತನ್ನದೇ ಇಂಜಿನ್ ಇರುತ್ತದೆ. ಇನ್ನೊಂದು, ಇಂಜಿನ್ ಇಲ್ಲದ, ಜೀಪು ಅಥವಾ ಎಸ್‌ಯುವಿ ಎಳೆಯುವ ಟ್ರೈಲರ್. ನಾನು ಹೇಳುತ್ತಿರುವುದು ಈ ಎರಡನೆಯದರ ಬಗ್ಗೆ. ಸಣ್ಣದಕ್ಕೆ ಒಂದು ಆಕ್ಸಲ್, ಎರಡು ಚಕ್ರ. ದೊಡ್ಡದಕ್ಕೆ ಒಂದರ ಹಿಂದೆ ಒಂದು ಎರಡು ಆಕ್ಸಲ್, ನಾಲ್ಕು ಚಕ್ರ.

## ಭಾರ ಹೊರುವುದು ರಬ್ಬರ್ ಅಲ್ಲ

ಟೈರ್ ಗಟ್ಟಿಮುಟ್ಟಾಗಿ ಕಾಣುತ್ತದೆ. ಆದರೆ ಗಾಡಿಯ ಭಾರ ಹೊರುವುದು ಬಹುಪಾಲು ಒಳಗಿನ ಗಾಳಿ. ರಬ್ಬರ್, ನೂಲು, ಉಕ್ಕಿನ ತಂತಿ ಎಲ್ಲ ಸೇರಿ ಆ ಗಾಳಿಯನ್ನು ಹಿಡಿದಿಡುವ ಚೀಲ ಅಷ್ಟೇ. ತುಂಬಿದ ಭತ್ತದ ಚೀಲ ನೆಟ್ಟಗೆ ನಿಲ್ಲುತ್ತದೆ, ಮೇಲೆ ಇನ್ನೊಂದು ಚೀಲ ಇಡಬಹುದು. ಅರ್ಧ ತುಂಬಿದ ಚೀಲ ಸೊಂಟ ಮುರಿದ ಹಾಗೆ ವಾಲುತ್ತದೆ. ಟೈರೂ ಹಾಗೇ.

ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೆ ಬಂದಾಗ ಮತ್ತೆ ಗುಂಡಗಾಗುತ್ತದೆ. ಒಂದೊಂದು ಸುತ್ತಿಗೂ ಒಂದೊಂದು ಸಲ ಮಡಚಿ ಬಿಚ್ಚಿದ ಹಾಗೆ. ಬೇಲಿ ಕಟ್ಟುವ ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಆ ಮಡಿಕೆಯ ಜಾಗ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿ ಕಡಿಮೆ ಇದ್ದರೆ ಟೈರ್ ಜಾಸ್ತಿ ಮಡಚುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಭಾರ ಮಿತಿ ಮೀರಿದರೂ ಅದೇ ಕತೆ. ಬಿಸಿಯಲ್ಲಿ ರಬ್ಬರ್ ಪದರಗಳ ಅಂಟು ಸಡಿಲವಾಗುತ್ತದೆ. ಒಂದು ದಿನ ಮೇಲಿನ ಪಟ್ಟಿ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಎದ್ದು ಬರುತ್ತದೆ.

ಅಂದರೆ "ಟೈರ್ ಒಡೆಯಿತು" ಅನ್ನುವುದು ಆ ಕ್ಷಣದ ಘಟನೆ ಅಲ್ಲ. ಎಷ್ಟೋ ದಿನದಿಂದ ಒಳಗೇ ಆಗುತ್ತಿದ್ದ ಕೆಲಸ ಅವತ್ತು ಹೊರಗೆ ಕಂಡಿತು, ಅಷ್ಟೇ.

## ಟ್ರೈಲರಿನ ಟೈರ್ ಯಾಕೆ ಬೇರೆ

ಕಾರಿನ ಟೈರ್ ಮೂರ್ನಾಲ್ಕು ಕೆಲಸ ಮಾಡಬೇಕು. ತಿರುಗಬೇಕು, ಎಳೆಯಬೇಕು, ಬ್ರೇಕ್ ಹಿಡಿಯಬೇಕು, ಕೂತವರಿಗೆ ಮೆತ್ತಗೂ ಇರಬೇಕು. ಟ್ರೈಲರಿನ ಟೈರಿಗೆ ಎಳೆಯುವ ಕೆಲಸವಿಲ್ಲ, ಸ್ಟೇರಿಂಗ್ ಇಲ್ಲ. ಭಾರ ಹೊತ್ತು ಹಿಂದೆ ಬರಬೇಕು, ಬ್ರೇಕ್ ಇದ್ದರೆ ನಿಲ್ಲಬೇಕು. ಆದರೆ ಆ ಭಾರ ಯಾವಾಗಲೂ ಇರುತ್ತದೆ. ಕಾರಿನಲ್ಲಿ ಒಬ್ಬರೇ ಹೋಗುವ ದಿನ ಟೈರಿಗೆ ಆರಾಮ. ಕ್ಯಾರವಾನಿನಲ್ಲಿ ಮಂಚ, ಕಪಾಟು, ಒಲೆ ಇಳಿಸಿ ಹೋಗುವ ಹಾಗಿಲ್ಲ. ನಿಂತಾಗಲೂ ಅಷ್ಟೇ ಭಾರ, ಮಲಗಿದಾಗಲೂ ಅಷ್ಟೇ.

ಇದರ ಜೊತೆಗೆ ಟ್ರೈಲರ್ ಗಾಳಿಗೆ, ತಿರುವಿಗೆ ಬಾಲದ ಹಾಗೆ ಓಲಾಡುತ್ತದೆ. ಟೈರಿನ ಪಕ್ಕದ ಗೋಡೆ ಮೆತ್ತಗಿದ್ದರೆ ಓಲಾಟ ಹೆಚ್ಚು. ಅದಕ್ಕೇ ಟ್ರೈಲರಿಗೆ ಗೋಡೆ ಗಟ್ಟಿ ಇರುವ ಟೈರ್ ಬೇಕು. ಇಂಥ ಟ್ರೈಲರ್ ಬಳಕೆ ಹೆಚ್ಚಿರುವ ಅಮೆರಿಕದಲ್ಲಿ ಇದಕ್ಕೆಂದೇ ಬೇರೆ ಟೈರ್ ಮಾಡುತ್ತಾರೆ. ಅಳತೆಯ ಮುಂದೆ 'ಎಸ್‌ಟಿ' (ಸ್ಪೆಷಲ್ ಟ್ರೈಲರ್) ಎಂಬ ಎರಡು ಅಕ್ಷರ ಇರುತ್ತದೆ. ಅವುಗಳಲ್ಲಿ ಹಲವಕ್ಕೆ ವೇಗದ ಮಿತಿ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್. ಮಲೆನಾಡಿನ ರಸ್ತೆಯಲ್ಲಿ ಆ ಚಿಂತೆ ಬೇಡ. ಬೆಂಗಳೂರಿನ ಕಡೆ ಹೈವೇಯಲ್ಲಿ ಹೋಗುವಾಗ ನೆನಪಿರಲಿ.

ನಮ್ಮೂರಿನ ಅಂಗಡಿಯಲ್ಲಿ 'ಎಸ್‌ಟಿ ಟೈರ್ ಕೊಡಿ' ಅಂದರೆ ಮುಖ ನೋಡುತ್ತಾರೆ. ನಮಗೆ ಸಿಗುವ ಒಳ್ಳೆಯ ದಾರಿ ಅಂದರೆ ಸಣ್ಣ ಗೂಡ್ಸ್ ಗಾಡಿ, ವ್ಯಾನುಗಳಿಗೆ ಹಾಕುವ ಟೈರ್. ಅಳತೆಯ ಕೊನೆಗೆ 'ಸಿ' ಅಕ್ಷರ ಇರುತ್ತದೆ, ವಾಣಿಜ್ಯ ಬಳಕೆಯದು ಎಂಬ ಅರ್ಥದಲ್ಲಿ. ಯುರೋಪಿನ ಕ್ಯಾರವಾನುಗಳಲ್ಲೂ ಈ ಬಗೆಯ ಟೈರ್ ಸಾಮಾನ್ಯ.

## ಟೈರಿನ ಗೋಡೆ ಮೇಲೆ ಬರೆದಿರುವುದು

ಟೈರಿನ ಪಕ್ಕದಲ್ಲಿ ಪಂಚಾಂಗದ ಹಾಗೆ ಏನೇನೋ ಬರೆದಿರುತ್ತದೆ. ಎಲ್ಲ ಬೇಕಾಗಿಲ್ಲ. ಒಂದು ಉದಾಹರಣೆ ತಗೊಳ್ಳೋಣ: 185 ಆರ್ 14 ಸಿ, 102/100, 8 ಪಿಆರ್.

185 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಆರ್ ಅಂದರೆ ರೇಡಿಯಲ್, ಒಳಗಿನ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುವ ಬಗೆ. 14 ಅಂದರೆ ಡಿಸ್ಕಿನ, ಅಂದರೆ ಟೈರ್ ಕೂರುವ ಲೋಹದ ಚಕ್ರದ ಅಳತೆ, ಇಂಚಿನಲ್ಲಿ. 8 ಪಿಆರ್ ಅನ್ನುವುದು ಗಟ್ಟಿತನದ ದರ್ಜೆ. ಹಿಂದೆ ಒಳಗಿನ ನೂಲಿನ ಪದರಗಳನ್ನು ಎಣಿಸುತ್ತಿದ್ದರು, ಈಗ ಅದು ಬರೀ ದರ್ಜೆಯಾಗಿ ಉಳಿದಿದೆ. 8 ಪಿಆರ್ ಅಂದ ಮಾತ್ರಕ್ಕೆ ಒಳಗೆ ಎಂಟು ಪದರ ಇದೆ ಅಂತಲ್ಲ.

ನಾವು ನಿಂತು ನೋಡಬೇಕಾದದ್ದು 102/100 ಎಂಬ ಜೋಡಿ. ಇದು ಭಾರದ ಸಂಕೇತ. ನೇರ ಕಿಲೋ ಅಲ್ಲ, ಪಟ್ಟಿ ನೋಡಿ ಅರ್ಥ ಮಾಡಿಕೊಳ್ಳಬೇಕು. 102 ಅಂದರೆ 850 ಕಿಲೋ. 100 ಅಂದರೆ 800 ಕಿಲೋ. ಮೊದಲನೆಯದು ಒಂದೇ ಟೈರ್ ಹಾಕಿದಾಗ, ಎರಡನೆಯದು ಲಾರಿಯ ಹಿಂದಿನ ಹಾಗೆ ಒಂದೇ ಕಡೆ ಜೋಡಿ ಟೈರ್ ಹಾಕಿದಾಗ. ಕ್ಯಾರವಾನಿಗೆ ಮೊದಲನೆಯದೇ ಲೆಕ್ಕ. ಇನ್ನು ಕೆಲವು ಅಂಕಿ: 82 ಅಂದರೆ 475 ಕಿಲೋ, 88 ಅಂದರೆ 560, 91 ಅಂದರೆ 615, 98 ಅಂದರೆ 750. ಈ ಭಾರ ಹೊರುವುದು ಹೇಳಿದಷ್ಟು ಗಾಳಿ ಇದ್ದರೆ ಮಾತ್ರ. ಗಾಳಿ ಇಳಿದರೆ ಈ ಅಂಕಿಯೂ ಇಳಿಯುತ್ತದೆ.

ಆಮೇಲೆ ಹುಟ್ಟಿದ ತಾರೀಖು. 'ಡಾಟ್' ಎಂದು ಶುರುವಾಗುವ ಉದ್ದನೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಸಾಮಾನ್ಯವಾಗಿ ಒಂದು ಸಣ್ಣ ಚೌಕಟ್ಟಿನೊಳಗೆ ಬೇರೆಯಾಗಿ ಕಾಣುತ್ತದೆ. ಮೊದಲ ಎರಡು ಅಂಕಿ ವಾರ, ಮುಂದಿನ ಎರಡು ವರ್ಷ. ನಮ್ಮ 1417 ಅಂದರೆ 2017ನೇ ಇಸವಿಯ 14ನೇ ವಾರ. ಇಲ್ಲೊಂದು ತಮಾಷೆ ಇದೆ: ಎಷ್ಟೋ ಟೈರಿನಲ್ಲಿ ಈ ಪೂರ್ತಿ ಸಂಖ್ಯೆ ಒಂದೇ ಪಕ್ಕದಲ್ಲಿ ಇರುತ್ತದೆ. ಆ ಪಕ್ಕ ಒಳಮುಖವಾಗಿ ಕೂತಿದ್ದರೆ ಟಾರ್ಚ್ ಹಿಡಿದು ಗಾಡಿ ಕೆಳಗೆ ತೂರಬೇಕು. ಹಳೆ ಕ್ಯಾರವಾನ್ ಕೊಳ್ಳುವವರು ಬಟ್ಟೆ ಕೊಳೆಯಾದರೂ ಸರಿ, ತೂರಿ ನೋಡಿ. ನಾವು ನೋಡಿರಲಿಲ್ಲ.

## ವೇ ಬ್ರಿಡ್ಜಿಗೆ ಹೋಗಿ ಬನ್ನಿ

ಎಂಥ ಟೈರ್ ಬೇಕು ಎಂದು ಹೇಳಬೇಕಾದರೆ ಮೊದಲು ಗಾಡಿಯ ಭಾರ ಗೊತ್ತಿರಬೇಕು. ಕಂಪನಿಯವರು ಬರೆದದ್ದು ಖಾಲಿ ಗಾಡಿಯ ಭಾರ. ನಾವು ತುಂಬುವುದು ಬೇರೆ. ಒಂದು ಲೀಟರ್ ನೀರು ಒಂದು ಕಿಲೋ, ನೂರು ಲೀಟರ್ ಟ್ಯಾಂಕ್ ತುಂಬಿಸಿದರೆ ನೂರು ಕಿಲೋ. ಸಿಲಿಂಡರ್, ಹಾಸಿಗೆ, ಕುರ್ಚಿ, ಪಾತ್ರೆ. ವಾಪಸು ಬರುವಾಗ ಅತ್ತಿಗೆ ಕೊಟ್ಟ ತೆಂಗಿನಕಾಯಿ, ಹಲಸಿನಹಣ್ಣು, ಮಾವಿನ ಮಿಡಿ ಉಪ್ಪಿನಕಾಯಿ ಭರಣಿ. ಬೇಡ ಅನ್ನುವುದಕ್ಕಾಗುತ್ತದಾ?

ಅಡಿಕೆ ಮಂಡಿ, ರೈಸ್ ಮಿಲ್ ಇರುವ ಊರಿನಲ್ಲೆಲ್ಲ ವೇ ಬ್ರಿಡ್ಜ್ ಇರುತ್ತದೆ. ಪ್ರವಾಸಕ್ಕೆ ತುಂಬುವ ಹಾಗೇ ಎಲ್ಲ ತುಂಬಿಕೊಂಡು ಹೋಗಿ. ಮೂರು ಸಲ ತೂಗಿಸಬೇಕು. ಮೊದಲು ಜೀಪಿನಿಂದ ಬಿಚ್ಚಿ ಕ್ಯಾರವಾನ್ ಒಂದನ್ನೇ. ಆಮೇಲೆ ಜೀಪಿಗೆ ಕಟ್ಟಿ, ಜೀಪು ತಟ್ಟೆಯಿಂದ ಹೊರಗೆ, ಕ್ಯಾರವಾನಿನ ಚಕ್ರ ಮಾತ್ರ ತಟ್ಟೆಯ ಮೇಲೆ. ಕೊನೆಗೆ ಒಂದು ಪಕ್ಕದ ಚಕ್ರ ಮಾತ್ರ ಮೇಲೆ ಬರುವ ಹಾಗೆ. ಇದಕ್ಕೆ ಅಕ್ಕಪಕ್ಕದ ನೆಲ ತಟ್ಟೆಯ ಮಟ್ಟಕ್ಕೇ ಇರಬೇಕು. ವೇ ಬ್ರಿಡ್ಜಿನವರು ವಿಚಿತ್ರವಾಗಿ ನೋಡಬಹುದು, ಚಿಂತೆ ಇಲ್ಲ.

ನಮ್ಮ ಭಾವನ ಗಾಡಿ ಆಮೇಲೆ ತೂಗಿಸಿದಾಗ ಬಂದ ಲೆಕ್ಕ ಹೀಗಿತ್ತು. ಒಟ್ಟು 1,200 ಕಿಲೋ. ಜೀಪಿಗೆ ಕಟ್ಟಿದಾಗ ಚಕ್ರಗಳ ಮೇಲೆ 1,100. ಉಳಿದ 100 ಕಿಲೋ ಜೀಪಿನ ಕೊಕ್ಕೆಯ ಮೇಲೆ. 1,100ನ್ನು ಎರಡು ಟೈರಿಗೆ ಹಂಚಿದರೆ ತಲಾ 550 ಅಂದುಕೊಂಡಿದ್ದೆವು. ಆದರೆ ಒಲೆಯೂ ನೀರಿನ ಟ್ಯಾಂಕೂ ಎಡಗಡೆ. ಎಡ ಟೈರಿನ ಮೇಲೆ 600, ಬಲ ಟೈರಿನ ಮೇಲೆ 500. ಒಡೆದ ಟೈರಿನ ಸಂಕೇತ 88. ಅಂದರೆ ಅದು ಹೊರಬಹುದಾದದ್ದು 560 ಕಿಲೋ. ಹೊಸದಾಗಿದ್ದಾಗಲೇ ಅದಕ್ಕೆ ಆ ಭಾರ ಹೆಚ್ಚಾಗಿತ್ತು. ಮುದಿಯಾದ ಮೇಲೆ ಕೇಳಬೇಕೆ.

ಹೊಂದಿಕೆ ಹೇಗೆ? ಹೆಚ್ಚು ಭಾರ ಬೀಳುವ ಟೈರನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದರ ಮೇಲೆ ಶೇಕಡಾ 20ರಷ್ಟು ಸೇರಿಸಿ. 600ಕ್ಕೆ 120 ಸೇರಿಸಿದರೆ 720. ಸಂಕೇತ 98, ಅಂದರೆ 750 ಕಿಲೋದ ಟೈರ್ ಆದೀತು. ಈ 20 ಅನ್ನುವುದು ಕಾನೂನಲ್ಲ, ಜಾಗ್ರತೆ. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಟೈರಿಗೆ ಭಾರ ಹೆಚ್ಚಾಗುತ್ತದೆ, ಗುಂಡಿಗೆ ಇಳಿದಾಗ ಒಂದು ಕ್ಷಣ ಇನ್ನೂ ಹೆಚ್ಚು. ನಮ್ಮ ಕಡೆ ತಿರುವೂ ಗುಂಡಿಯೂ ಇಲ್ಲದ ರಸ್ತೆ ಯಾವುದಿದೆ?

ಕೊಕ್ಕೆಯ ಮೇಲಿನ ಭಾರವನ್ನೂ ಬರೆದಿಟ್ಟುಕೊಳ್ಳಿ. ಅದು ತೀರಾ ಕಡಿಮೆಯಾದರೆ ಕ್ಯಾರವಾನ್ ಓಲಾಡುತ್ತದೆ. ಅಮೆರಿಕದ ಟ್ರೈಲರುಗಳಿಗೆ ಒಟ್ಟು ಭಾರದ ಶೇಕಡಾ 10ರಿಂದ 15 ಇರಲಿ ಎನ್ನುತ್ತಾರೆ, ಯುರೋಪಿನ ಹಗುರ ಕ್ಯಾರವಾನುಗಳಿಗೆ ಶೇಕಡಾ 5ರಿಂದ 7. ನಿಮ್ಮ ಗಾಡಿಯ ಪುಸ್ತಕ ಮತ್ತು ಜೀಪಿನ ಪುಸ್ತಕ ಎರಡೂ ಒಪ್ಪುವಷ್ಟಿದ್ದರೆ ಸಾಕು.

## ಅಂಗಡಿಯಲ್ಲಿ

ರೇಡಿಯಲ್ ಬೇಕಾ, ನೈಲಾನ್ ಬೇಕಾ ಎಂದು ಕೇಳುತ್ತಾರೆ. ನೈಲಾನ್ ಟೈರಿನಲ್ಲಿ ಒಳಗಿನ ನೂಲು ಅಡ್ಡಡ್ಡ ಹೆಣೆದಿರುತ್ತದೆ. ಗೋಡೆ ಗಟ್ಟಿ, ಕಲ್ಲು ಮುಳ್ಳಿಗೆ ಜಗ್ಗುವುದಿಲ್ಲ, ಆದರೆ ದೂರದ ಓಟದಲ್ಲಿ ಬೇಗ ಬಿಸಿಯಾಗುತ್ತದೆ. ತೋಟದೊಳಗೆ ಗೊಬ್ಬರ ಹೊರುವ ಟ್ರೈಲರಿಗೆ ಅದು ಸರಿ. ಶಿವಮೊಗ್ಗದಿಂದ ಜೋಗದವರೆಗೆ ಸುಮಾರು ನೂರು ಕಿಲೋಮೀಟರ್ ಓಡುವ ಕ್ಯಾರವಾನಿಗೆ ರೇಡಿಯಲ್ ಮೇಲು. ಯಾವುದೇ ಹಾಕಿ, ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಮಾತ್ರ ಬೇಡ. ಎರಡರ ನಡಿಗೆ ಬೇರೆ ಬೇರೆ.

ರೀಸೋಲ್ ಟೈರ್, ಅಂದರೆ ಸವೆದ ಟೈರಿಗೆ ಮೇಲೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ್ದು, ಅಗ್ಗ. ಲಾರಿ, ಬಸ್ಸುಗಳಲ್ಲಿ ಅದನ್ನು ಧಾರಾಳವಾಗಿ ಬಳಸುತ್ತಾರೆ. ಅಲ್ಲಿ ಟೈರ್ ದಿನಾ ಓಡುತ್ತದೆ, ದಿನಾ ಯಾರೋ ನೋಡುತ್ತಾರೆ. ತಿಂಗಳುಗಟ್ಟಲೆ ನಿಂತು, ಒಂದು ದಿನ ಎದ್ದು ಘಾಟಿ ಇಳಿಯುವ ಕ್ಯಾರವಾನಿಗೆ ನಾನಂತೂ ಹಾಕಿಸುವುದಿಲ್ಲ.

ಹೊಸ ಟೈರಾದರೂ ಹುಟ್ಟಿದ ತಾರೀಖು ನೋಡಿಯೇ ಕೊಳ್ಳಿ. ಮಾರಾಟ ಕಡಿಮೆ ಇರುವ ಅಳತೆಯ ಟೈರ್ ಗೋಡೌನಿನಲ್ಲಿ ಎರಡು ವರ್ಷ ಕೂತಿರುವುದುಂಟು. ನಿಮ್ಮ ಲೆಕ್ಕದಲ್ಲಿ ಅದು ಹೊಸದು, ಟೈರಿನ ಲೆಕ್ಕದಲ್ಲಿ ಎರಡು ವರ್ಷ ಹೋಯಿತು. ಐಎಸ್‌ಐ ಗುರುತು ಇರಲೇಬೇಕು.

ಇನ್ನೊಂದು ವಿಷಯವನ್ನು ಅಂಗಡಿಯವರು ಕೆಲವೊಮ್ಮೆ ಮರೆಯುತ್ತಾರೆ. ಗಟ್ಟಿ ಟೈರ್ ಹಾಕಿದ ಮಾತ್ರಕ್ಕೆ ಸಾಲದು. ಡಿಸ್ಕ್ ಕೂಡ ಅಷ್ಟು ಭಾರ, ಅಷ್ಟು ಗಾಳಿ ತಡೆಯುವಂಥದ್ದಾಗಿರಬೇಕು. ಗಾಳಿ ತುಂಬುವ ವಾಲ್ವಿಗೂ ಮಿತಿ ಇದೆ. ಕಾರಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವ್ 65 ಪೌಂಡ್ ಒತ್ತಡದವರೆಗೆ (ಗೇಜಿನಲ್ಲಿ ಪಿಎಸ್‌ಐ ಎಂದು ಬರೆದಿರುವ ಅಳತೆ) ಮಾತ್ರ. ಅದಕ್ಕಿಂತ ಜಾಸ್ತಿ ಗಾಳಿ ಬೇಕಾದರೆ ಲೋಹದ ವಾಲ್ವ್ ಹಾಕಿಸಿ. ಟೈರ್ ಬದಲಿಸಿದಾಗಲೆಲ್ಲ ವಾಲ್ವೂ ಹೊಸದಾಗಲಿ, ಅದಕ್ಕೇನು ದೊಡ್ಡ ಖರ್ಚಿಲ್ಲ.

## ಗಾಳಿ ಎಷ್ಟು, ಯಾವಾಗ

ಪಂಕ್ಚರ್ ಅಂಗಡಿಯಲ್ಲಿ ಏನೂ ಹೇಳದೆ ನಿಂತರೆ ಕಾರಿನ ಲೆಕ್ಕದಲ್ಲಿ 32, 35 ಹಾಕಿ ಕಳಿಸುತ್ತಾರೆ. 8 ಪಿಆರ್ ಟೈರ್ ತನ್ನ ಪೂರ್ತಿ ಭಾರ ಹೊರುವುದು 65 ಪೌಂಡ್ ಗಾಳಿಯಲ್ಲಿ. ಅದಕ್ಕೆ 35 ಹಾಕಿದರೆ ಅರ್ಧ ಚೀಲ ಭತ್ತದ ಕತೆಯೇ.

ಸರಿಯಾದ ಅಂಕಿ ಎಲ್ಲಿರುತ್ತದೆ? ಮೊದಲು ಕ್ಯಾರವಾನಿನ ಮೇಲೆ ಅಂಟಿಸಿದ ತಗಡಿನ ಪಟ್ಟಿ ನೋಡಿ. ಎಸ್‌ಟಿ ಟೈರಾದರೆ ಗೋಡೆಯ ಮೇಲೆ ಬರೆದ ಪೂರ್ತಿ ಗಾಳಿ ಹಾಕುವುದೇ ರೂಢಿ. ಬೇರೆ ಅಳತೆಯ ಟೈರ್ ಹಾಕಿಸಿದ್ದರೆ ಹಳೆ ಪಟ್ಟಿಯ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಟೈರ್ ಕಂಪನಿಯ ಬಳಿ ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಇರುತ್ತದೆ, ಅದನ್ನು ಕೇಳಿ ಪಡೆಯಿರಿ.

ಈ ಎಲ್ಲ ಅಂಕಿಗಳೂ ತಣ್ಣಗಿರುವ ಟೈರಿನದು. ಅಂದರೆ ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು, ಬಿಸಿಲು ಬಿದ್ದಿರಬಾರದು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ನೋಡಿದರೆ ಸರಿ. ಓಡಿದ ಮೇಲೆ ಒಳಗಿನ ಗಾಳಿ ಬಿಸಿಯಾಗಿ ಮುಳ್ಳು ಮೇಲೇರುತ್ತದೆ. 65 ಇದ್ದದ್ದು 72 ತೋರಿಸಬಹುದು. "ಅಯ್ಯೋ ಜಾಸ್ತಿಯಾಯ್ತು" ಎಂದು ಗಾಳಿ ಬಿಡುವವರಿದ್ದಾರೆ. ಬಿಡಬಾರದು. ತಣ್ಣಗಾದ ಮೇಲೆ ಅದು 58ಕ್ಕೆ ಇಳಿದಿರುತ್ತದೆ.

ಹವೆಯೂ ಆಟ ಆಡುತ್ತದೆ. ಶಿವಮೊಗ್ಗದಲ್ಲಿ 34 ಡಿಗ್ರಿಯ ಮಧ್ಯಾಹ್ನ 65 ಹಾಕಿಸಿದಿರಿ ಅನ್ನಿ. ತೀರ್ಥಹಳ್ಳಿಯ ತೋಟದಲ್ಲಿ 16 ಡಿಗ್ರಿಯ ಚಳಿ ಬೆಳಗಿನಲ್ಲಿ ಅದೇ ಟೈರ್ 60ರ ಆಸುಪಾಸು ತೋರಿಸುತ್ತದೆ. ಪಂಕ್ಚರ್ ಅಲ್ಲ, ತಣ್ಣಗಾದ ಗಾಳಿ ಕುಗ್ಗಿದೆ ಅಷ್ಟೇ. ಆದರೆ ಹೊರಡುವುದು ಆ ಬೆಳಿಗ್ಗೆಯೇ ಆದರೆ ಆ ಕೊರತೆಯನ್ನು ತುಂಬಿಸಿಕೊಂಡೇ ಹೊರಡಬೇಕು. ಸ್ವಂತದ್ದೊಂದು ಗೇಜು, ಜೀಪಿನ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು ಇಟ್ಟುಕೊಳ್ಳಿ. ಪಂಪು 65ರವರೆಗೆ ಹೋಗುತ್ತದಾ ಎಂದು ಕೊಳ್ಳುವಾಗಲೇ ನೋಡಿ.

ಇನ್ನು, ಟೈರ್ ಒಡೆದರೂ ನಮಗೆ ಗೊತ್ತಾಗಲಿಲ್ಲ ಎಂದೆನಲ್ಲ. ಕಾರಿನಲ್ಲಿ ಗಾಳಿ ಇಳಿದರೆ ಸ್ಟೇರಿಂಗ್ ಎಳೆಯುತ್ತದೆ, ಕೂತಲ್ಲಿಗೆ ಅಲುಗಾಟ ತಿಳಿಯುತ್ತದೆ. ಟ್ರೈಲರಿನ ಟೈರ್ ಹತ್ತು ಹದಿನೈದು ಅಡಿ ಹಿಂದೆ. ಅದರ ನೋವು ಮುಂದೆ ಬರುವುದಿಲ್ಲ. ಎರಡು ಆಕ್ಸಲ್ ಇದ್ದರೆ ಇನ್ನೂ ಕಷ್ಟ. ಒಂದು ಟೈರ್ ಖಾಲಿಯಾದರೂ ಪಕ್ಕದ್ದು ಅದರ ಭಾರವನ್ನೂ ಹೊತ್ತುಕೊಂಡು ಸುಮ್ನೆ ಓಡುತ್ತಿರುತ್ತದೆ, ಆಮೇಲೆ ಅದೂ ಹೋಗುತ್ತದೆ. ಅದಕ್ಕೇ ಒಂದು ಒಡೆದಾಗ ಜೊತೆಯದನ್ನೂ ಬಿಚ್ಚಿಸಿ ಒಳಗೆಲ್ಲ ನೋಡಿಸಬೇಕು. ವಾಲ್ವಿನ ತುದಿಗೆ ಮುಚ್ಚಳದ ಹಾಗೆ ತಿರುಗಿಸಿ ಹಾಕುವ ಸೆನ್ಸರುಗಳು ಸಿಗುತ್ತವೆ. ಗಾಳಿ ಇಳಿದರೆ, ಬಿಸಿ ಏರಿದರೆ ಜೀಪಿನೊಳಗಿನ ಸಣ್ಣ ಪರದೆ ಕಿರುಚುತ್ತದೆ. ಕ್ಯಾರವಾನಿಗೆ ಏನಾದರೂ ಒಂದು ಹೆಚ್ಚಿನ ಸಾಮಾನು ಕೊಳ್ಳುವುದಿದ್ದರೆ ಮೊದಲು ಇದು, ಆಮೇಲೆ ಟಿವಿ.

## ಘಾಟಿ ಇಳಿಯುವಾಗ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಟ್ರೈಲರ್ ಜೀಪಿನ ಜಾಡಿನಲ್ಲೇ ಬರುವುದಿಲ್ಲ. ತಿರುವಿನಲ್ಲಿ ಒಳಗೊಳಗೇ ಕತ್ತರಿಸಿಕೊಂಡು ಬರುತ್ತದೆ. ಜೀಪು ಆರಾಮವಾಗಿ ದಾಟಿದ ಜಾಗದಲ್ಲಿ ಕ್ಯಾರವಾನಿನ ಒಳಚಕ್ರ ರಸ್ತೆಯ ಅಂಚು ಇಳಿದು, ಚರಂಡಿ ಕಲ್ಲಿಗೆ ಉಜ್ಜುತ್ತದೆ. ಅಲ್ಲಿ ಗೋಡೆಗೆ ಬಿದ್ದ ಪೆಟ್ಟು ಅವತ್ತು ಕಾಣುವುದಿಲ್ಲ. ಒಳಗೆ ನೂಲು ತುಂಡಾಗಿ, ಕೆಲವು ದಿನದ ಮೇಲೆ ಅಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ಔಷಧಿ ಇಲ್ಲ.

ಎರಡು ಆಕ್ಸಲ್‌ನ ಗಾಡಿಗೆ ಇನ್ನೊಂದು ತಾಪತ್ರಯ. ಉದ್ದದ ಬೆಂಚನ್ನು ಮೂಲೆಯಲ್ಲಿ ತಿರುಗಿಸಿದರೆ ಕಾಲುಗಳು ನೆಲ ಕೆರೆಯುತ್ತವಲ್ಲ, ಹಾಗೆ ಕಿರಿದಾದ ತಿರುವಿನಲ್ಲಿ ನಾಲ್ಕೂ ಟೈರ್ ಪಕ್ಕಕ್ಕೆ ಕೆರೆದುಕೊಂಡೇ ತಿರುಗುತ್ತವೆ. ನಿಂತು ನೋಡಿದರೆ ಟೈರ್ ಡಿಸ್ಕಿನಿಂದ ಕಳಚಿಯೇ ಬರುತ್ತದೇನೋ ಅನ್ನುವಷ್ಟು ಬಗ್ಗಿರುತ್ತದೆ. ಹೋಂಸ್ಟೇ ಅಂಗಳದಲ್ಲಿ ರಿವರ್ಸ್ ಹೊಡೆಯುವಾಗಲೂ ಇದೇ ಆಗುವುದು. ಪೂರ್ತಿ ತಪ್ಪಿಸಲಾಗದು. ನಿಧಾನ, ಅಗಲ ತಿರುವು, ಇಷ್ಟೇ ದಾರಿ.

ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಡ್ರಮ್ಮಿನ ಬಿಸಿ ಡಿಸ್ಕಿಗೆ, ಡಿಸ್ಕಿನಿಂದ ಟೈರಿಗೆ ಏರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆ ಬಸ್ ಡ್ರೈವರುಗಳು ಹೇಳುವುದು ಇಲ್ಲೂ ನಿಜ. ಕೆಳಗೆ ಸೋಮೇಶ್ವರಕ್ಕೆ ಬಂದಾಗ ಒಮ್ಮೆ ನಿಲ್ಲಿಸಿ, ಅಂಗೈಯ ಹಿಂಭಾಗವನ್ನು ಪ್ರತಿ ಚಕ್ರದ ಹತ್ತಿರ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿ ಏನೋ ಇದೆ. ಬ್ರೇಕ್ ಹಿಡಿದುಕೊಂಡಿರಬಹುದು, ಬೇರಿಂಗ್ ಹೋಗಿರಬಹುದು, ಗಾಳಿ ಕಡಿಮೆ ಇರಬಹುದು. ಮಳೆಗಾಲದಲ್ಲಿ ಈ ಘಾಟಿಯಲ್ಲಿ ದೊಡ್ಡ ಗಾಡಿಗಳಿಗೆ ನಿರ್ಬಂಧ ಹಾಕುವುದುಂಟು. ಕ್ಯಾರವಾನ್ ಕಟ್ಟಿಕೊಂಡು ಹೊರಡುವ ಮೊದಲು ವಿಚಾರಿಸಿ.

ಚಕ್ರ ಬಿಚ್ಚಿ ಹಾಕಿದ್ದರೆ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿಸಿ, 80, 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

## ಮಳೆಗಾಲ ಎಂಬ ನಾಲ್ಕು ತಿಂಗಳು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕ್ಯಾರವಾನ್ ಎಲ್ಲಿಗೂ ಹೋಗುವುದಿಲ್ಲ. ನಿಂತ ಟೈರಿಗೇನಾಗುತ್ತದೆ ಎಂದು ನಾವು ಆರಾಮವಾಗಿರುತ್ತೇವೆ. ಆಗುವುದೆಲ್ಲ ಆಗಲೇ.

ರಬ್ಬರ್ ಮಾಡುವಾಗ ಅದರೊಳಗೆ ಮೇಣ ಮತ್ತು ಮುಪ್ಪು ತಡೆಯುವ ಕೆಲವು ವಸ್ತುಗಳನ್ನು ಸೇರಿಸಿರುತ್ತಾರೆ. ಟೈರ್ ಓಡುತ್ತಾ ಮಡಚಿದಂತೆಲ್ಲ ಅವು ನಿಧಾನವಾಗಿ ಮೇಲೆ ಬಂದು ಲೇಪ ಹಚ್ಚಿದ ಹಾಗೆ ಕಾಪಾಡುತ್ತವೆ. ನಿಂತ ಟೈರಿನಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಬಿಸಿಲು ಮತ್ತು ಹವೆಯಲ್ಲಿರುವ ಓಝೋನ್ ರಬ್ಬರನ್ನು ಒಣಗಿಸುತ್ತವೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದ ಹಾಗೆ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು. ಆ ಬಿರುಕಿನಿಂದ ನೀರು ಇಳಿದರೆ ಒಳಗಿನ ಉಕ್ಕಿನ ತಂತಿಗೆ ತುಕ್ಕು. ಕಪಾಟಿನಲ್ಲಿಟ್ಟ ರಬ್ಬರ್ ಬ್ಯಾಂಡ್ ಒಮ್ಮೆಯೂ ಬಳಸದೆ ಎರಡು ವರ್ಷಕ್ಕೆ ಪಟಕ್ಕನೆ ತುಂಡಾಗುವುದನ್ನು ನೋಡಿದ್ದೀರಲ್ಲ, ಅದೇ. ಕಾರಿನ ಟೈರ್ ಓಡಿ ಸವೆಯುತ್ತದೆ, ಕ್ಯಾರವಾನಿನದು ಕೂತಲ್ಲೇ ಮುದಿಯಾಗುತ್ತದೆ. ಬಟನ್ ಹಾಗೇ ಇರುವುದರಿಂದ ನಮಗೆ ಮೋಸ.

ಮಳೆಗೆ ಮುಂಚೆ ಮಾಡಬೇಕಾದ್ದು ಇಷ್ಟು. ಬರೀ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಮಿರಿಮಿರಿ ಮಿಂಚುವ ಪಾಲಿಶ್ ಬೇಡ, ಅವುಗಳಲ್ಲಿ ಕೆಲವು ಪೆಟ್ರೋಲಿಯಂ ಎಣ್ಣೆಯವು, ರಬ್ಬರಿಗೆ ಆಗುವುದಿಲ್ಲ. ಹೇಳಿದಷ್ಟು ಗಾಳಿ ಪೂರ್ತಿ ತುಂಬಿ. ಮಣ್ಣಿನ ಮೇಲೆ ನಿಲ್ಲಿಸಬೇಡಿ, ಚಕ್ರ ಹೂತು ತಿಂಗಳುಗಟ್ಟಲೆ ಒದ್ದೆಯಲ್ಲೇ ಇರುತ್ತದೆ. ಟೈರಿಗಿಂತ ಅಗಲದ ಹಲಗೆ ಹಾಕಿ. ಸಾಧ್ಯವಿದ್ದರೆ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಸ್ಟ್ಯಾಂಡ್ ಕೊಟ್ಟು ಟೈರಿನ ಭಾರ ಇಳಿಸಿ. ಅದಾಗದಿದ್ದರೆ ತಿಂಗಳಿಗೊಮ್ಮೆ ಕಾಲು ಸುತ್ತು ಮುಂದಕ್ಕೆ ಉರುಳಿಸಿ. ಒಂದೇ ಜಾಗ ಒತ್ತಿ ಚಪ್ಪಟೆಯಾಗುವುದು ತಪ್ಪುತ್ತದೆ. ಬಿಸಿಲು ಬೀಳುವ ಕಡೆಯಾದರೆ ಟೈರಿಗೆ ದಪ್ಪ ಬಟ್ಟೆ ಮುಚ್ಚಿ.

ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದೂ ಮುಖ್ಯ. ನಮ್ಮ ಕಡೆ ಗಾಡಿ ಸೇರುವುದು ಅಡಿಕೆ ಶೆಡ್ಡಿಗೆ. ಅಲ್ಲೇ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಕಲಸುವುದು, ಅಲ್ಲೇ ಸ್ಪ್ರೇ ಪಂಪಿಗೆ ಎಣ್ಣೆ ಹಾಕುವುದು. ಬೋರ್ಡೋದ ಮೈಲುತುತ್ತದಲ್ಲಿ ಇರುವುದು ತಾಮ್ರ. ತಾಮ್ರದ ಅಂಶ ಸ್ವಾಭಾವಿಕ ರಬ್ಬರಿನ ಮುಪ್ಪನ್ನು ಬೇಗ ಮಾಡುತ್ತದೆ. ಡೀಸೆಲ್, ಪೆಟ್ರೋಲ್, ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಜನರೇಟರ್, ವೆಲ್ಡಿಂಗ್ ಮಷೀನಿನ ಹತ್ತಿರವೂ ಬೇಡ, ಅವುಗಳ ಕಿಡಿಯಿಂದ ಓಝೋನ್ ಹುಟ್ಟುತ್ತದೆ. ಶೆಡ್ಡಿನ ಇನ್ನೊಂದು ಮೂಲೆ ಕೊಡಿ ಸಾಕು.

## ಯಾವಾಗ ಬದಲಿಸಬೇಕು

ಕಾನೂನಿನ ಪ್ರಕಾರ ಕಾರಿನಂಥ ಗಾಡಿಗಳ ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಗೆರೆಯ ನಡುವೆ ಸಣ್ಣ ಉಬ್ಬು ಇರುತ್ತದೆ, ಬಟನ್ ಸವೆದು ಆ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಆದರೆ ಕ್ಯಾರವಾನಿನ ಟೈರ್ ಆ ಉಬ್ಬು ಮುಟ್ಟುವವರೆಗೆ ಬದುಕುವುದೇ ಅಪರೂಪ. ಇಲ್ಲಿ ವರ್ಷ ಎಣಿಸಬೇಕು. ಬ್ರಿಟನ್ನಿನ ಕ್ಯಾರವಾನ್ ಬಳಗದಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ 5 ವರ್ಷಕ್ಕೆ ಬದಲಿಸಿ, 7 ವರ್ಷ ದಾಟಿಸಲೇಬೇಡಿ ಎಂದು. ಎಣಿಕೆ ಕೊಂಡ ದಿನದಿಂದಲ್ಲ, ಆ ನಾಲ್ಕು ಅಂಕಿಯಿಂದ.

ಅದಕ್ಕೂ ಮೊದಲೇ ಗುಳ್ಳೆ, ಗೋಡೆಯಲ್ಲಿ ನೂಲು ಕಾಣುವ ಕಟ್, ಉಗುರು ಸಿಕ್ಕುವಷ್ಟು ಬಿರುಕು ಕಂಡರೆ ಕಾಯಬೇಡಿ. ಸವೆತವೂ ಮಾತಾಡುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಜಾಸ್ತಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಆಕ್ಸಲ್ ಬಗ್ಗಿರಬಹುದು. ಆಗ ಹೊಸ ಟೈರ್ ಹಾಕಿಸಿದರೆ ಅದೂ ಹಾಗೇ ಹೋಗುತ್ತದೆ, ಮೊದಲು ಆಕ್ಸಲ್ ತೋರಿಸಿ.

## ಸ್ಟೆಪ್ನಿ

ಕ್ಯಾರವಾನಿನ ಸ್ಟೆಪ್ನಿ ಹಿಂದುಗಡೆ ನೇತಾಡುತ್ತಾ ಮಳೆ, ಬಿಸಿಲು ಎಲ್ಲ ತಿನ್ನುತ್ತದೆ. ಒಮ್ಮೆಯೂ ಉರುಳಿರುವುದಿಲ್ಲ, ಗಾಳಿ ನೋಡಿ ವರ್ಷವಾಗಿರುತ್ತದೆ. ಜೀಪಿನ ಸ್ಟೆಪ್ನಿ ಇದೆಯಲ್ಲ ಎಂದು ನಂಬಿಕೊಳ್ಳಬೇಡಿ, ನಟ್ಟಿನ ತೂತುಗಳ ಸಂಖ್ಯೆ, ಅಳತೆ ಹೊಂದಿದರೆ ತಾನೇ. ಜೀಪಿನ ಜಾಕಿ ಕ್ಯಾರವಾನಿನ ಅಡಿಗೆ ಹೋಗುತ್ತದಾ, ಪಾನಾ ಅದರ ನಟ್ಟಿಗೆ ಕೂರುತ್ತದಾ ಎಂದು ಮನೆ ಅಂಗಳದಲ್ಲೇ ಒಮ್ಮೆ ಬಿಚ್ಚಿ ಹಾಕಿ ನೋಡಿ. ಹೊಸನಗರದ ಆ ರಸ್ತೆ ಬದಿಯಲ್ಲಿ ನಮಗೆ ಜಾಕಿ ಕೂರಿಸಲು ಕಲ್ಲು ಹುಡುಕುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.

ಸಾಗರದ ಅಂಗಡಿಯವರು ಒಡೆದ ಟೈರಿನ ತಾರೀಖು ಓದಿದರು, ನಾವು ಹಾಕಿಕೊಂಡು ಬಂದ ಸ್ಟೆಪ್ನಿಯದನ್ನು ಯಾರೂ ಓದಲಿಲ್ಲ. ಅದರ ಅಂಕಿ ಒಳಮುಖವಾಗಿತ್ತು. ಅದರ ಮೇಲೇ ಜೋಗಕ್ಕೆ ಹೋಗಿ, ಸಿಗಂದೂರು ನೋಡಿ, ತೀರ್ಥಹಳ್ಳಿಗೆ ವಾಪಸು ಬಂದೆವು. ಮರುದಿನ ಬಿಚ್ಚಿ ತಿರುಗಿಸಿದರೆ ಅದೂ 1417.

ಭಾವ ಮೂರೂ ಟೈರ್ ಹೊಸದು ಹಾಕಿಸಿದರು. ಅವುಗಳ ನಾಲ್ಕು ಅಂಕಿಯನ್ನು ಕ್ಯಾರವಾನಿನ ಬಾಗಿಲ ಒಳಗಡೆ, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖಿನ ಕೆಳಗೆ, ಮಾರ್ಕರಿನಲ್ಲಿ ಬರೆದಿಟ್ಟಿದ್ದಾರೆ.